ಅಗಿಗೆ ಹೋದ ಗಂಗಾಳ

ನಮ್ಮ ಆಯಿ, ಅಂದರೆ ಅಪ್ಪನ ತಾಯಿ, ಅಜ್ಜನ ಪೀಕದಾನಿಯ ಅಂಚಿಗೆ ನಾಲಿಗೆ ಹಚ್ಚಿ ನೋಡುತ್ತಿದ್ದಳು. ಉತ್ಪ್ರೇಕ್ಷೆಯಲ್ಲ, ಕಣ್ಣಾರೆ ಕಂಡದ್ದು. ವರ್ಷಗಟ್ಟಲೆ ಎಲೆ, ಅಡಿಕೆ, ತಂಬಾಕು ಉಗುಳಿಸಿಕೊಂಡು ಒಳಗೆಲ್ಲ ಕಿಟ್ಟ ಕಟ್ಟಿದ ಮಣ್ಣಿನ ಪಾತ್ರೆ ಅದು. ಸೀಳು ಬಿಟ್ಟಿತೆಂದು ಅಜ್ಜ ಅದನ್ನು ಬದಿಗಿಟ್ಟ ದಿನವೇ ಆಯಿ ಎತ್ತಿಕೊಂಡು ಹೋಗಿ, ಬೂದಿ ಹಚ್ಚಿ ತಿಕ್ಕಿ, ಎರಡು ದಿನ ಬಿಸಿಲಿಗೆ ಒಣಗಿಸಿ, ಆಮೇಲೆ ಅಂಚನ್ನು ನೆಕ್ಕಿ, ಕಣ್ಣು ಮುಚ್ಚಿ, ರುಚಿ ನೋಡುವವರ ಹಾಗೆ ಒಂದು ಗಳಿಗೆ ಸುಮ್ಮನಿದ್ದು, ಥೂ ಎಂದು ಉಗುಳಿ, ಇದು ನಡೆಯುತ್ತದೆ ಎಂದು ತೀರ್ಪು ಕೊಡುವಳು. ಅವಳು ಹುಡುಕುತ್ತಿದ್ದದ್ದು ಉಪ್ಪು. ಪಾತ್ರೆಯ ಮೈಯಲ್ಲಿ ಉಪ್ಪಿನ ಅಂಶ ಹಿಡಿದಿದ್ದರೆ ಬೀಜ ಮೊಳೆಯುವ ಮೊದಲೇ ಸುಟ್ಟುಹೋಗುತ್ತದೆ ಎಂಬುದು ಅವಳ ಲೆಕ್ಕ. ಲೆಕ್ಕ ಸರಿಯೇ ಇತ್ತು. ಅಜ್ಜನ ತಮ್ಮ ಪಾರ್ಶ್ವವಾಯು ಹೊಡೆದು ಎರಡು ವರ್ಷ ಮಲಗಿದ್ದಾಗ ಅವನ ಹಾಸಿಗೆಯ ಕೆಳಗೆ ಇಡುತ್ತಿದ್ದ ಬೋಗುಣಿಯನ್ನೂ ಅವಳು ಹೀಗೆಯೇ ಪರೀಕ್ಷೆ ಮಾಡಿದಳು. ಅದರಲ್ಲಿ ಉಪ್ಪಿತ್ತಂತೆ. ಇರದೆ ಏನು.

ಈಗ ಹುಬ್ಬಳ್ಳಿಯಲ್ಲಿ ನನ್ನ ಸೊಸೆ ಕಿಟಕಿಯ ಹತ್ತಿರ ಸಣ್ಣ ಸಣ್ಣ ಪ್ಲಾಸ್ಟಿಕ್ ಲೋಟ ಜೋಡಿಸಿ ಟೊಮೆಟೊ ಬೀಜ ಹಾಕುತ್ತಾಳೆ. ಯಾವ ಲೋಟ ಎಷ್ಟು ಆಳ ಇರಬೇಕು, ತಳಕ್ಕೆ ಎಷ್ಟು ತೂತು ಬೇಕು ಎಂದು ಎಲ್ಲಿಂದಲೋ ಓದಿಕೊಂಡು ಬರುತ್ತಾಳೆ. ನಿಮ್ಮ ಕಾಲದಲ್ಲಿ ಏತರಲ್ಲಿ ಹಾಕುತ್ತಿದ್ದಿರಿ ಎಂದು ಒಮ್ಮೆ ಕೇಳಿದಳು. ಮಣ್ಣಿನ ಕುಡಿಕೆಯಲ್ಲಿ ಎಂದು ಹೇಳಿ ಮಾತು ಮುಗಿಸಿದೆ. ಈ ವಿದ್ಯೆ ನನ್ನಷ್ಟು ಬಲ್ಲವರು ಯಾರೂ ಇಲ್ಲ, ಆದರೆ ಅದನ್ನು ಹೇಳಹೊರಟರೆ ಏನೆಲ್ಲ ಹೇಳಬೇಕಾಗುತ್ತದೆ ಎಂದು ನನಗೆ ಗೊತ್ತಿತ್ತು. ಈಗ ಬರೆಯಲು ಕುಳಿತಮೇಲೆ ಮುಚ್ಚುಮರೆ ಯಾಕೆ.

ಚಿಕ್ಕೇರೂರಿನಿಂದ ಎರಡು ಹರದಾರಿ ದೂರದ ಹಳ್ಳಿಯಲ್ಲಿ ನಮ್ಮ ಮನೆ. ಮುಂಬಾಗಿಲು ದಾಟಿದರೆ ಎಡಕ್ಕೆ ದನ ಕಟ್ಟುವ ಜಾಗ, ಬಲಕ್ಕೆ ಅಜ್ಜ ಕೂರುವ ಪಡಸಾಲೆ, ಅದನ್ನು ದಾಟಿ ಒಳಪಡಸಾಲೆ, ಅಡುಗೆಮನೆ, ಕೊನೆಗೆ ಹಿತ್ತಲ ಬಾಗಿಲ ಪಕ್ಕಕ್ಕೆ ಒಂದು ಕತ್ತಲ ಕೋಣೆ. ಸೆಗಣಿ, ಹಿಂಡಿ, ಹೊಗೆ, ಹಳೆಯ ಎಣ್ಣೆ, ಎಲ್ಲ ವಾಸನೆಯೂ ಕಲಸಿ ಗೋಡೆಗೆ ಮೆತ್ತಿಕೊಂಡಿತ್ತು. ಒಳಪಡಸಾಲೆಯ ಬೆಳಕಿಂಡಿಯ ಕೆಳಗೆ ಪ್ರತಿ ವರ್ಷ ರೋಹಿಣಿ ಮಳೆಗೆ ಮುಂಚೆ ಹಿತ್ತಲ ತೋಟದ ಅಗಿ ಬೀಳುತ್ತಿತ್ತು. ಅಗಿ ಎಂದರೆ ಕಿತ್ತು ನಡಲೆಂದು ಮೊದಲು ಒತ್ತಾಗಿ ಬೆಳೆಸಿಕೊಳ್ಳುವ ಎಳೆಸಸಿ. ಹೊರಗೆ ಹಾಕಿದರೆ ಕೋಳಿ ಕೆದರುತ್ತವೆ, ಆಡು ಮೇಯುತ್ತವೆ, ಮೊದಲ ಮಳೆಯ ಆಣೆಕಲ್ಲು ಉಳಿದದ್ದನ್ನು ಜಜ್ಜುತ್ತದೆ. ಹಾಗಾಗಿ ಒಳಗೇ. ಬದನೆ, ಮೆಣಸು, ಹೀರೆ, ಹಾಗಲ. ಹೀರೆ ಹಾಗಲಕ್ಕೆ ಬೇರು ಮುಟ್ಟಿದರೆ ಆಗದು, ಆದ್ದರಿಂದ ಒಂದು ತೆಂಗಿನ ಪರಟೆಗೆ ಒಂದೇ ಬೀಜ. ಬದನೆ ಮೆಣಸಿನ ಬೀಜ ಸಣ್ಣದು, ಅದಕ್ಕೆ ಆಳ ಬೇಡ, ಅಗಲ ಬಾಯಿ ಬೇಕು. ಚಿಮಣಿ ಎಣ್ಣೆಯ ಡಬ್ಬಿ ಆಗದು, ಎಷ್ಟು ತೊಳೆದರೂ ವಾಸನೆ ಬಿಡದು. ಉಪ್ಪಿನಕಾಯಿ ಭರಣಿ ಆಗದು. ಹೀಗೆ ಆಯಿಯ ನಿಯಮಗಳು ನೂರೆಂಟಿದ್ದವು.

ಎಲ್ಲಕ್ಕಿಂತ ಮುಖ್ಯ ನಿಯಮವನ್ನು ಅವಳು ಬಾಯಿಬಿಟ್ಟು ಯಾವತ್ತೂ ಹೇಳಲಿಲ್ಲ. ಒಳ್ಳೆಯ ಪಾತ್ರೆ ಅಗಿಗೆ ಬರುವಂತಿರಲಿಲ್ಲ. ಹೊಸ ಕುಡಿಕೆ ಅಟ್ಟದ ಮೇಲೆ ಸಾಲಾಗಿ ಬೋರಲು ಬಿದ್ದಿದ್ದರೂ ಅವಳ ಕಣ್ಣು ಅತ್ತ ಹೋಗುತ್ತಿರಲಿಲ್ಲ. ಇತ್ತ ಉಣ್ಣಲು ಮನಸ್ಸು ಬಾರದ, ಅತ್ತ ತಿಪ್ಪೆಗೆ ಎಸೆಯಲು ಕೈ ಬಾರದ ಪಾತ್ರೆಗಳೇ ಅವಳಿಗೆ ಬೇಕು. ಬಾಣಂತಿಯ ಕೋಣೆಯಿಂದ ಹೊರಬಂದದ್ದು, ನಾಯಿ ಬಾಯಿ ಹಾಕಿದ್ದು, ರೋಗಿ ವಾಂತಿ ಮಾಡಿಕೊಂಡದ್ದು, ಸತ್ತವರು ಕೊನೆಗೆ ಗಂಜಿ ಕುಡಿದದ್ದು. ನಮ್ಮ ಅಜ್ಜ ಹೊರಗಿನ ಪಡಸಾಲೆಯಲ್ಲಿ ಕುಳಿತು, ಲಿಂಗ ಕಟ್ಟಿದವರಿಗೆ ಮೈಲಿಗೆ ಇಲ್ಲ, ಸೂತಕ ಇಲ್ಲ, ನಮ್ಮ ಮನೆಯಲ್ಲಿ ಮುಡಚಟ್ಟು ಅನ್ನುವ ಮಾತೇ ಇಲ್ಲ ಎಂದು ಬಂದವರಿಗೆಲ್ಲ ಹೇಳುವನು. ನಿಜ, ಆ ಮಾತು ನಮ್ಮ ಮನೆಯಲ್ಲಿ ಇರಲಿಲ್ಲ. ಅದರ ಬದಲು ‘ಅಗಿಗೆ ಹೋಯಿತು’ ಎನ್ನುತ್ತಿದ್ದರು. ಅಷ್ಟು ಹೇಳಿದರೆ ಮನೆಮಂದಿಗೆಲ್ಲ ತಿಳಿಯುತ್ತಿತ್ತು. ಥೂ, ಅದೆಂಥ ಬದುಕು.

ಪಾತ್ರೆಗೆ ತೂತು ಹೊಡೆಯುವ ಕೆಲಸ ನನ್ನದು. ಬೋರಲು ಹಾಕಿ, ತಳದಲ್ಲಿ ಮೊಳೆ ಇಟ್ಟು, ಗುಂಡುಕಲ್ಲಿನಿಂದ ಕುಟ್ಟಿ ಮೂರು ತೂತು. ಎರಡಾದರೆ ನೀರು ನಿಂತು ಬೇರು ಕೊಳೆಯುತ್ತದೆ, ನಾಲ್ಕಾದರೆ ಮಣ್ಣು ಸೋರುತ್ತದೆ. ಒಂಬತ್ತು ವರ್ಷದ ನನಗೆ ಆ ಕೆಲಸದಲ್ಲಿ ವಿಪರೀತ ಹೆಮ್ಮೆ. ಒಮ್ಮೆ ತೂತು ಬಿದ್ದ ಪಾತ್ರೆ ಮತ್ತೆ ಒಲೆಯ ಕಡೆ ಬರುವಂತಿಲ್ಲ, ಅದರ ಗತಿಯನ್ನು ತೀರ್ಮಾನಿಸುವ ಕೈ ನನ್ನದು ಎಂದು ನಾನು ಬೀಗುತ್ತಿದ್ದೆ. ನನಗಿಂತ ಮೊದಲು ಆ ಕೆಲಸ ಮಾಡುತ್ತಿದ್ದವಳು ಅಪ್ಪನ ತಂಗಿ ನೀಲತ್ತಿ. ಅವಳನ್ನು ತಿಳವಳ್ಳಿಗೆ ಕೊಟ್ಟಮೇಲೆ ಮೊಳೆ ನನ್ನ ಕೈಗೆ ಬಂದಿತ್ತು.

ಆ ನೀಲತ್ತಿ ಮದುವೆಯಾದ ಎರಡನೆಯ ವರ್ಷಕ್ಕೆ ಕೆಮ್ಮು ಹಿಡಿದು ತಿರುಗಿ ಬಂದಳು. ಬಂದಳು ಅನ್ನುವುದೂ ತಪ್ಪು. ಅವಳ ಗಂಡನ ಮನೆಯ ಚಕ್ಕಡಿ ಬಂದು, ನೊಗದಿಂದ ಎತ್ತಿನ ಕೊಳ್ಳು ಸಹ ಬಿಚ್ಚದೆ, ಅವಳನ್ನು ಬಾಗಿಲಿಗೆ ಇಳಿಸಿ ತಿರುಗಿಕೊಂಡು ಹೋಯಿತು. ಮದುವೆಯಲ್ಲಿ ಕೊಟ್ಟ ಹಿತ್ತಾಳೆಯ ಗಂಗಾಳ, ತಂಬಿಗೆ, ಕೊಡ ಎಲ್ಲ ಅಲ್ಲೇ ಉಳಿದವು. ಅವಳ ಗಂಟಿನಲ್ಲಿ ಬಂದದ್ದು ಎರಡು ಸೀರೆ, ಒಂದು ವಾಟಿ, ಒಂದು ಜರ್ಮನ್ ಗಂಗಾಳ. ಆ ಹಗುರ ಬಿಳಿ ಲೋಹಕ್ಕೆ ನಮ್ಮ ಕಡೆ ಜರ್ಮನ್ ಎಂದೇ ಹೆಸರು. ಉಣ್ಣುವ ತಾಟಿಗೂ ಅಂಥದ್ದನ್ನು ಕಟ್ಟಿ ಕಳಿಸಿದ ಆ ಜನದ ಮುಸುಡಿಗೆ ಏನು ಹೇಳಬೇಕು. ಹಿತ್ತಲ ಬಾಗಿಲ ಪಕ್ಕದ ಕೋಣೆ ಅವಳದಾಯಿತು. ಆಯಿ ಅವಳಿಗೆ ಎತ್ತರದಿಂದ ನೀಡುವಳು, ಸೌಟು ಗಂಗಾಳಕ್ಕೆ ತಾಕಬಾರದಲ್ಲ. ಅವಳ ಪಾತ್ರೆಯನ್ನು ಅವಳೇ ತೊಳೆದು ಕೋಣೆಯ ಹೊರಗಿನ ಗೂಡಿನಲ್ಲಿ ಇಡಬೇಕು. ನನ್ನ ಅವ್ವ ಒಬ್ಬಳು ಮಾತ್ರ ಒಳಗೆ ಹೋಗಿ ತಲೆ ಬಾಚುವಳು, ಅದೂ ಆಯಿ ಹೊಲಕ್ಕೆ ಹೋದಾಗ. ನಾನು ಬಾಗಿಲಲ್ಲಿ ನಿಂತು ಮಾತಾಡುವೆ. ಅವಳು ಕೆಮ್ಮಿ ಬೂದಿಯ ಡಬ್ಬಿಗೆ ಉಗುಳುವಾಗ ನಾನು ಮುಖ ತಿರುಗಿಸುತ್ತಿದ್ದೆ. ಅವಳು ಅದನ್ನು ನೋಡುತ್ತಿದ್ದಳು.

ಆ ವರ್ಷ ಅಪ್ಪ ಸವಣೂರಿನ ನೆಂಟರ ಮನೆಯಿಂದ ಒಂದು ಚೀಟಿನಲ್ಲಿ, ಅಂದರೆ ಕಾಗದದ ಪೊಟ್ಟಣದಲ್ಲಿ, ಹಸಿರು ಬದನೆಯ ಬೀಜ ತಂದಿದ್ದ. ಆಯಿಗೆ ಅದರ ಮೇಲೆ ಬಲು ಆಸೆ. ಪೀಕದಾನಿ, ಒಡಕು ಗಡಿಗೆ, ಪರಟೆಗಳು ಎಲ್ಲ ತುಂಬಿದಮೇಲೂ ಅರ್ಧ ಚೀಟು ಉಳಿಯಿತು. ಗೊಬ್ಬರ ಕಲಸಿದ ಕೈಯನ್ನು ಮೊಣಕಾಲ ಮೇಲೆ ಇಟ್ಟುಕೊಂಡು ಆಯಿ ನನಗೆ ಹೇಳಿದಳು:

“ಅಗಲ ಬಾಯಿಂದು ಇನ್ನೊಂದು ಬೇಕಾಗಿತ್ತು. ನೋಡ ಹೋಗವಾ, ಏನರ ಸಿಕ್ಕೀತು.”

ನಾನು ಹೋದೆ. ಯಾರೂ ನನಗೆ ಕೈ ತೋರಿಸಲಿಲ್ಲ, ಕಿವಿಯಲ್ಲಿ ಹೇಳಲಿಲ್ಲ. ಅಟ್ಟ ನೋಡಿದೆ, ಬಚ್ಚಲು ನೋಡಿದೆ, ಆಮೇಲೆ ಹಿಂದಿನ ಗೂಡಿನ ಮುಂದೆ ನಿಂತೆ. ನೀಲತ್ತಿಯ ಗಂಗಾಳ ಹತ್ತು ದಿನದಿಂದ ಅಲ್ಲೇ ಬೋರಲು ಬಿದ್ದಿತ್ತು. ಅವಳಿಗೆ ಆಗ ಊಟ ಸೇರುತ್ತಿರಲಿಲ್ಲ, ವಾಟಿಯಲ್ಲಿ ಒಂದಿಷ್ಟು ಗಂಜಿ, ಅಷ್ಟೆ. ಅಗಲ ಬಾಯಿ, ಬೆರಳುದ್ದದ ಅಂಚು, ಮೊಳೆ ಸಲೀಸಾಗಿ ಇಳಿಯುವ ಮೆತ್ತನೆಯ ತಳ. ಬದನೆಗೆ ಹೇಳಿ ಮಾಡಿಸಿದ ಹಾಗಿತ್ತು. ಕೋಣೆಯ ಒಳಗೆ ಇಣುಕಿದೆ, ಅವಳು ಗೋಡೆಯ ಕಡೆ ತಿರುಗಿ ನಿದ್ದೆ ಮಾಡುತ್ತಿದ್ದಳು. ಸದ್ದಾಗದಂತೆ ಗಂಗಾಳ ಎತ್ತಿಕೊಂಡು ಬಂದೆ. ಸದ್ದಾಗದಂತೆ ಎತ್ತಿದೆ ಎಂದಮೇಲೆ ನನಗೆ ಎಲ್ಲ ತಿಳಿದಿತ್ತು ಎಂದೇ ಅರ್ಥ. ಏನೂ ಅರಿಯದ ಮಗು ಎಂದು ಈಗ ನಾನು ನಾಟಕ ಮಾಡಲಾರೆ.

ಆಯಿ ಗಂಗಾಳ ನೋಡಿದಳು, ನನ್ನನ್ನು ನೋಡಿದಳು. ಕೈ ಚಾಚಲಿಲ್ಲ. ಅವಳು ಬೈಯಬಹುದು ಅನ್ನಿಸಿ ನಾನೇ ಸಮಜಾಯಿಷಿ ಕೊಟ್ಟೆ.

“ಅಕಿ ಇನ್ನ ಇದರಾಗ ಉಣ್ಣಂಗಿಲ್ಲಲ್ಲಾ ಆಯಿ.”

ಆಯಿ ಕೈಯ ಗೊಬ್ಬರ ಉದುರಿಸಿಕೊಂಡಳು. ಹೆತ್ತ ತಾಯಿ ಅವಳು. ಕೆನ್ನೆಗೆ ಎರಡು ಬಾರಿಸಿ, ಇಟ್ಟು ಬಾ ಎಂದಿದ್ದರೆ ನಾನು ಇಟ್ಟು ಬರುತ್ತಿದ್ದೆ, ಇವತ್ತು ಇದನ್ನು ಬರೆಯುವ ಪ್ರಸಂಗವೂ ಬರುತ್ತಿರಲಿಲ್ಲ. ಅವಳು ಬಾರಿಸಲಿಲ್ಲ. ನೆಕ್ಕಿಯೂ ನೋಡಲಿಲ್ಲ. ಚೀಟು ಬಿಚ್ಚುತ್ತ, ಮುಖ ಎತ್ತದೆ, “ಮೊಳಿ ತಗೋ” ಎಂದಳು. ನಾನು ಮೂರು ತೂತು ಹೊಡೆದೆ.

ಎಂಟನೆಯ ದಿನಕ್ಕೆ ಬದನೆ ಮೊಳೆತು ಎರಡೆಲೆ ಬಿಟ್ಟಿತು. ಅದೇ ಹೊತ್ತಿಗೆ ನೀಲತ್ತಿಗೆ ಹಸಿವಾಯಿತು. ಮಳೆ ಬಿದ್ದು ಬಿಸಿಲು ಬಂದ ಒಂದು ದಿನ, ಅವ್ವ ಸಂತೆಯ ಬದನೆಕಾಯಿ ತಂದು ಎಣ್ಣೆಗಾಯಿ ಮಾಡುತ್ತಿದ್ದಳು. ಎರಡು ದಿನದಿಂದ ಕೆಮ್ಮು ಕಡಿಮೆ ಇತ್ತು. ವಾಸನೆಗೆ ಎದ್ದು ಕುಳಿತ ನೀಲತ್ತಿ, ವೈನಿ, ನನಗೊಂದು ರೊಟ್ಟಿ ಕೊಡು ಎಂದು ಅತ್ತಿಗೆಯನ್ನು ಕೂಗಿದಳು. ಅವ್ವನ ಕಣ್ಣಲ್ಲಿ ನೀರೇ ಬಂತು. ಬಿಸಿ ರೊಟ್ಟಿ ತಟ್ಟಿ, ಗಂಗಾಳ ತರಲು ಗೂಡಿಗೆ ಹೋಗಿ, ಬರಿಗೈಯಲ್ಲಿ ಬಂದು ಆಯಿಯ ಮುಖ ನೋಡಿದಳು. ಬೆಳಕಿಂಡಿಯ ಕೆಳಗೆ ಅವಳು ಅದನ್ನು ಆಗಲೇ ಕಂಡಿರಬೇಕು, ಕಂಡೂ ಕಾಣದಂತೆ ಇದ್ದಿರಬೇಕು. ನಮ್ಮ ಮನೆಯಲ್ಲಿ ಎಲ್ಲರೂ ಆ ವಿದ್ಯೆಯಲ್ಲಿ ಪಳಗಿದವರೇ. ಬೇರೆ ಗಂಗಾಳ ಕೊಟ್ಟರೆ ಅದೂ ಕೆಡುತ್ತದೆ, ಪತ್ರಾವಳಿ ಹಾಕಿದರೆ ಅವಳಿಗೆ ತಿಳಿಯುತ್ತದೆ. ಕೈಮೇಲೆ ಕೊಟ್ಟು ಬಾ ಎಂದು ಆಯಿ ನನಗೆ ಹೇಳಿದಳು. ರೊಟ್ಟಿಯ ಮೇಲೆ ಪಲ್ಯ ಇಟ್ಟುಕೊಂಡು ನಾನು ಕೋಣೆಗೆ ಹೋದೆ. ಅವಳು ತಾನೇ ತಲೆ ಬಾಚಿಕೊಂಡು, ಕಾಲು ಮಡಿಸಿ, ನೆಂಟರ ಮನೆಯಲ್ಲಿ ಪಂಕ್ತಿಗೆ ಕೂತವಳ ಹಾಗೆ ಕೂತಿದ್ದಳು.

“ನನ್ನ ಗಂಗಾಳ ಎಲ್ಲೈತಿ?”

“ಕಲಾಯಿಗೆ ಹೋಗೈತಿ.”

“ಜರ್ಮನ್ ಗಂಗಾಳಕ್ಕ ಯಾವ ಕಲಾಯಿಗಾರ ಕಲಾಯಿ ಹಾಕ್ತಾನವಾ?”

ತವರ ಬಳಿಯುವುದು ಹಿತ್ತಾಳೆ ತಾಮ್ರಕ್ಕೆ, ಜರ್ಮನ್‌ಗೆ ಯಾರೂ ಬಳಿಯುವುದಿಲ್ಲ ಎಂಬುದು ಅಂಬೆಗಾಲಿಡುವ ಕೂಸಿಗೂ ಗೊತ್ತು. ಅವಳು ಆ ಮನೆಯಲ್ಲೇ ಹುಟ್ಟಿ ಬೆಳೆದವಳು. ಗೂಡಿನಿಂದ ಮಾಯವಾದ ಪಾತ್ರೆ ಎಲ್ಲಿಗೆ ಹೋಗುತ್ತದೆ ಎಂದು ಅವಳಿಗೆ ಬೇರೆ ಯಾರೂ ಹೇಳಬೇಕಾಗಿರಲಿಲ್ಲ. ಏನು ಹಾಕಿದ್ದೀರಿ ಅದರಲ್ಲಿ ಎಂದು ಮಾತ್ರ ಕೇಳಿದಳು. ಬದನೆ ಎಂದೆ. ನನ್ನ ಕೈಯಲ್ಲಿದ್ದ ರೊಟ್ಟಿಯನ್ನು ಮುಟ್ಟದೆ, ಗೋಡೆ ಹಿಡಿದು ಎದ್ದಳು.

ವರ್ಷದ ಮೇಲಾಗಿತ್ತು ಅವಳು ಹಿತ್ತಲ ಕಡೆಯಲ್ಲದೆ ಮನೆಯ ಒಳಗೆ ಕಾಲಿಟ್ಟು. ಗೋಡೆಗೆ ಕೈ ಹಚ್ಚಿಕೊಂಡು ಒಳಪಡಸಾಲೆಗೆ ಬಂದಳು. ಹೊರಗಿನ ಪಡಸಾಲೆಯಲ್ಲಿ ಯಾರೊಂದಿಗೋ ಮಾತಾಡುತ್ತಿದ್ದ ಅಜ್ಜ ಅವಳನ್ನು ನೋಡಿದವನೇ ವಲ್ಲಿ ಹೆಗಲಿಗೆ ಹಾಕಿಕೊಂಡು ಬೀದಿಗೆ ಇಳಿದ. ಮೈಲಿಗೆ ಇಲ್ಲದ ಮನೆಯ ಯಜಮಾನ. ನೀಲತ್ತಿ ಬೆಳಕಿಂಡಿಯ ಕೆಳಗೆ ಬಾಗಿ, ತನ್ನ ಗಂಗಾಳ ಎತ್ತಿ, ಸಾರಿಸಿದ ನೆಲದ ಮೇಲೆ ಬೋರಲು ಮಾಡಿ ತಳಕ್ಕೆ ಎರಡು ಬಡಿದಳು. ಮಣ್ಣು, ಗೊಬ್ಬರ, ಎಳೆಸಸಿ ಎಲ್ಲ ಒಂದು ಬಿಲ್ಲೆಯಾಗಿ ಕಳಚಿಬಿತ್ತು. ಸೆರಗಿನಿಂದ ಗಂಗಾಳ ಒರೆಸಿದಳು, ಅಡುಗೆಮನೆಯ ಬಾಗಿಲಿಗೆ ಕುಳಿತಳು, ಮುಂದೆ ಇಟ್ಟುಕೊಂಡಳು.

“ನೀಡು ವೈನಿ.”

ಅವ್ವ ತೂತು ಮುಚ್ಚಲೆಂದು ತಳಕ್ಕೆ ಒಂದು ರೊಟ್ಟಿ ಹಾಸಿ ಅದರ ಮೇಲೆ ಪಲ್ಯ ನೀಡಿದಳು. ನೀಲತ್ತಿ ರೊಟ್ಟಿಯನ್ನು ಬದಿಗೆ ಸರಿಸಿ, ಸಾರು ಹಾಕು ಎಂದಳು. ಅವ್ವ ಆಯಿಯನ್ನು ನೋಡಿದಳು. ಆಯಿ ಒಲೆಯ ಕಡೆ ತಿರುಗಿ ಕುಳಿತಿದ್ದಳು. ಅವ್ವ ಸಾರು ಹಾಕಿದಳು. ನೀಲತ್ತಿ ಗಂಗಾಳ ಎತ್ತಿ ತೊಡೆಯ ಮೇಲೆ ಇಟ್ಟುಕೊಂಡಳು. ನಾನು ಹೊಡೆದ ಮೂರು ತೂತಿನಿಂದ ಸಾರು ಸೋರಿ ಅವಳ ಸೀರೆ ತೋಯ್ದಿತು, ಕಾಲ ಮೇಲೆ ಇಳಿಯಿತು, ನೆಲದ ಮೇಲೆ ಹರಿಯಿತು. ಅವಳು ಉಂಡಳು. ಅಂಚಿಗೆ ಅಂಟಿದ್ದ ಗೊಬ್ಬರದ ಹರಳು ಅವಳ ಹಲ್ಲಿನ ನಡುವೆ ಕರಕರ ಅನ್ನುವುದು ನನಗೆ ಕೇಳಿಸುತ್ತಿತ್ತು. ನನಗೆ ಕಣ್ಣು ಕೀಳಲಾಗಲಿಲ್ಲ. ಎರಡು ರೊಟ್ಟಿ ತಿಂದಳು. ಯಾರೂ ಬೇಡ ಅನ್ನಲಿಲ್ಲ, ಯಾರೂ ಹತ್ತಿರ ಬರಲಿಲ್ಲ. ಬೆರಳು ಚೀಪಿ ಮುಗಿಸಿ, ತಲೆ ಎತ್ತಿ ಕೇಳಿದಳು:

“ಇದನ್ನ ಗೂಡಿನಿಂದ ಯಾರು ತಗೊಂಡ್ರು?”

ಆಯಿ ತಿರುಗಿ ನೋಡಲಿಲ್ಲ. ಈಗ ಹೇಳುತ್ತಾಳೆ, ಈಗ ಹೇಳುತ್ತಾಳೆ ಎಂದು ಅವಳ ಬೆನ್ನನ್ನೇ ನೋಡುತ್ತಿದ್ದೆ. ಅವಳು ಹೇಳುವ ಮೊದಲೇ ಹೇಳಿಬಿಡಬೇಕು ಅನ್ನಿಸಿತು. ಹೇಳಿದೆ.

“ಆಯಿ.”

ಆಗ ಆಯಿ ತಿರುಗಿದಳು. ನನ್ನನ್ನು ನೋಡಿದಳು. ಸಿಟ್ಟಿನ ನೋಟವಲ್ಲ. ಯಾವ ನೋಟ ಎಂದು ಇಷ್ಟು ವರ್ಷವಾದರೂ ನನಗೆ ಹೇಳಲು ಬರುವುದಿಲ್ಲ. ಆಮೇಲೆ ಮಗಳ ಕಡೆ ಮುಖ ಮಾಡಿ ಹೇಳಿದಳು:

“ಹೂಂ. ನಾನ ತಗೊಂಡೇನಿ.”

ನೀಲತ್ತಿ ಗಂಗಾಳವನ್ನು ತಾನೇ ಹಿತ್ತಲಿಗೆ ಒಯ್ದು ತೊಳೆದು ಕೋಣೆಗೆ ಹೋದಳು. ಅವಳು ಚೆಲ್ಲಿದ ಮಣ್ಣನ್ನು ಆಯಿ ಕೈಯಿಂದ ಬಳಿದು ತಿಪ್ಪೆಗೆ ಹಾಕಿದಳು. ಸವಣೂರಿನ ಸಸಿ ಒಂದನ್ನೂ ಆರಿಸಿಕೊಳ್ಳಲಿಲ್ಲ. ಅಂದು ಸಂಜೆ ಅವ್ವ ಯಾರನ್ನೂ ಕೇಳದೆ ತಾನು ಉಣ್ಣುವ ಹಿತ್ತಾಳೆಯ ಗಂಗಾಳವನ್ನು ಆ ಗೂಡಿನಲ್ಲಿ ಇಟ್ಟು ಬಂದಳು. ನಮ್ಮ ಮನೆಯಲ್ಲಿ ಆ ವರ್ಷ ನಡೆದ ಒಂದೇ ಒಂದು ಮಾನದ ಕೆಲಸ ಅದು. ಆದರೆ ನೀಲತ್ತಿಗೆ ಆ ಹಸಿವು ಮತ್ತೆ ಬರಲಿಲ್ಲ.

ಅಂದಿನಿಂದ ನೀಲತ್ತಿ ತಾಯಿಯೊಂದಿಗೆ ಮಾತು ಬಿಟ್ಟಳು. ಆಯಿ ದಿನಾ ಬೆಳಿಗ್ಗೆ ಗಂಜಿ ಹಿಡಿದು ಹೋಗುವಳು. ಎತ್ತರದಿಂದ ನೀಡುವುದನ್ನು ಬಿಟ್ಟಿದ್ದಳು, ಒಳಗೇ ಹೋಗಿ ಹಾಸಿಗೆಯ ಪಕ್ಕ ಕೂರುವಳು. ನೀಲಾ, ನೀಲವ್ವಾ ಎಂದು ಕರೆಯುವಳು. ನೀಲತ್ತಿ ಗೋಡೆಯ ಕಡೆ ತಿರುಗುವಳು. ಆಯಿ ಗಂಜಿಯನ್ನು ಹಾಗೇ ತಂದು ನನ್ನ ಕೈಗೆ ಕೊಡುವಳು. ನಾನು ಒಯ್ದರೆ ನೀಲತ್ತಿ ಎದ್ದು ಕುಡಿಯುವಳು. ಒಂದು ದಿನ ನನ್ನ ಕೈ ಹಿಡಿದು ಹೇಳಿದಳು:

“ಕಲಾಯಿ ಅಂತ ಸುಳ್ಳ ಹೇಳಿದ್ದೂ ನನ್ನ ಮನಸ್ಸಿಗೆ ನೋವಾಗಬಾರದಂತ. ಈ ಮನ್ಯಾಗ ನನ್ನ ಮ್ಯಾಲ ಕರುಳ ಇರೋದು ನಿನಗೊಬ್ಬಾಕಿಗೆ.”

ಹೇಳಿಬಿಡಲು ಅದಕ್ಕಿಂತ ಒಳ್ಳೆಯ ಗಳಿಗೆ ಇರಲಿಲ್ಲ. ನಾನು ಹೇಳಲಿಲ್ಲ. ಹೇಳದೆ ಇದ್ದದ್ದು ಹೋಗಲಿ, ಆ ಮಾತು ನನಗೆ ಸಿಹಿಯಾಗಿತ್ತು. ಮತ್ತೆ ಕೇಳಬೇಕು ಅನ್ನಿಸಿ ದಿನಕ್ಕೆ ಎರಡು ಸಲ ಹೋಗಿ ಕೂತೆ. ಕಾಲು ಒತ್ತಿದೆ, ಬೂದಿಯ ಡಬ್ಬಿ ಚೆಲ್ಲಿ ಬಂದೆ, ಅದೂ ಆಯಿಗೆ ಕಾಣುವ ಹಾಗೆ ಎತ್ತಿಕೊಂಡು. ಬಾಗಿಲ ಆಚೆ ಆಯಿ ನಿಂತು ಕೇಳುತ್ತಾಳೆ ಎಂದು ಗೊತ್ತಿದ್ದೂ ನಗುತ್ತ ಮಾತಾಡಿದೆ. ಆಯಿ ನನ್ನನ್ನು ಒಂದು ದಿನವೂ ಬದಿಗೆ ಕರೆದು ಗದರಿಸಲಿಲ್ಲ. ಗಂಗಾಳದ ಮಾತಿನಲ್ಲಿ ಅವಳ ಬಾಯಿಯಿಂದ ನನ್ನ ಹೆಸರು ಹೊರಡಲಿಲ್ಲ. ಅವಳನ್ನು ಹೇಸಿಗೆಯ ಮುದುಕಿ ಎಂದು ಇಷ್ಟುದ್ದ ಬರೆದೆ. ಬರೆದದ್ದೆಲ್ಲ ನಿಜ. ಆದರೆ ನನ್ನನ್ನು ನೆನೆದಾಗ ಬರುವಷ್ಟು ಅಸಹ್ಯ ನನಗೆ ಅವಳ ಮೇಲೆ ಬರುವುದಿಲ್ಲ.

ಎರಡು ತಿಂಗಳಿಗೆ, ಮಳೆ ಹಿಡಿದ ಒಂದು ಮಧ್ಯಾಹ್ನ, ನೀಲತ್ತಿಗೆ ಮೇಲುಸಿರು ಹತ್ತಿತು. ಅಪ್ಪ ಹೊಲದಿಂದ ಓಡಿ ಬಂದ. ಅವ್ವ ತಲೆಯನ್ನು ತೊಡೆಯ ಮೇಲೆ ಇಟ್ಟುಕೊಂಡಿದ್ದಳು. ಬಾಯಿಗೆ ನೀರು ಬಿಡಬೇಕು ಎಂದು ಯಾರೋ ಹೇಳಿದರು, ಆಯಿ ತಂಬಿಗೆ ತಂದು ಮಗಳ ಬಾಯಿಯ ಹತ್ತಿರ ಹಿಡಿದಳು. ನೀಲತ್ತಿ ಕಣ್ಣು ಬಿಟ್ಟು ನೋಡಿ ಹಲ್ಲು ಬಿಗಿದಳು. ನೀರು ಗಲ್ಲದ ಮೇಲೆ ಇಳಿಯಿತು. ಆಯಿ ಇನ್ನೊಮ್ಮೆ ಹಿಡಿದಳು, ಹಲ್ಲು ಬಿಡಲಿಲ್ಲ. ಆಗ ಆಯಿ ತಂಬಿಗೆಯನ್ನು ನನ್ನ ಕೈಯಲ್ಲಿ ಇಟ್ಟು, ಎದ್ದು, ಬಾಗಿಲ ಹಿಂದೆ ಅವಳಿಗೆ ಕಾಣದ ಹಾಗೆ ನಿಂತಳು. ನಾನು ಮೂರು ಹನಿ ಬಿಟ್ಟೆ. ನೀಲತ್ತಿ ಬಾಯಿ ತೆರೆದು ಕುಡಿದಳು.